ಹಿಮದ ಅಂಕಣಕ್ಕೆ ಒಂಬತ್ತು ಸಾಲು: ಒಂದು ವ್ಯಾಖ್ಯಾನ

ಮೀಟರ್ ಹೇಳಿದ್ದನ್ನು ಕೇಳು, ಅದರ ಮೇಲೊಂದು ಸ್ಟಾಪ್ ಕೂಡಿಸು.
ಸೆಕೆಂಡನ್ನು ಸಾವಿರವಾಗಿ ಸೀಳು. ಆದರೂ ಪಕ್ ಜಾರುತ್ತದೆ, ಜಾರಲಿ.
ಒಬ್ಬರನ್ನು ಹಿಡಿ, ಅಡ್ಡ ಬಂದವರಿಗೆ ಬಿಟ್ಟುಕೊಡಬೇಡ.
ಗೋಲಿನ ನೇರ ಹಿಂದೆ ಬೇಡ, ಮೂಲೆಯ ಬಾಗಿನಲ್ಲಿ ನಿಲ್ಲು.
ಕಾಲು ಸುಳ್ಳು ಹೇಳುತ್ತದೆ, ಹೆಗಲು ಹೇಳುವುದಿಲ್ಲ.
ಗೋಲ್‌ಕೀಪರ್‌ಗೆ ಒಂದು ಪೂರ್ತಿ ಅವಧಿ ಕೊಡು.
ಶಿಳ್ಳೆಯಾದ ಮೇಲೂ ಬೆರಳು ತೆಗೆಯಬೇಡ.
ಬ್ಯಾಟರಿ ಎದೆಯ ಹತ್ತಿರ, ಕ್ಯಾಮೆರಾ ಚೀಲದೊಳಗೆ, ಚಹಾ ಆಮೇಲೆ.
ಚಿತ್ರ ಆಡಿದವರ ಕೈ ಸೇರಲಿ.

ಬೇಗಂಪೇಟೆಯಲ್ಲಿ ಐಸ್ ಹಾಕಿ ಆಡುವ ಅಂಕಣವಿಲ್ಲ. ಆದರೂ ಈ ಸಾಲುಗಳನ್ನು ಬರೆದದ್ದು ಬೇಗಂಪೇಟೆಯಲ್ಲಿ, ಇಲ್ಲಿಂದ ಚಳಿಗಾಲಕ್ಕೆ ಲೇಹ್‌ಗೆ ಹೊರಟ ಹವ್ಯಾಸಿ ಛಾಯಾಗ್ರಾಹಕ ಗೆಳೆಯರಿಗಾಗಿ. ಚೀಟಿ ಕೈಯಿಂದ ಕೈಗೆ ಹೋಯಿತು. ಹೋದಂತೆ ಪ್ರಶ್ನೆಗಳೂ ಬಂದವು: ಒಂದು ಸ್ಟಾಪ್ ಏಕೆ, ಮೂಲೆಯೇ ಏಕೆ, ಪಕ್ ಜಾರಿದರೆ ಚಿತ್ರದಲ್ಲಿ ಉಳಿಯುವುದೇನು? ಸಾಲುಗಳು ಚಿಕ್ಕವು. ಹೊರಡುವವರಿಗೆ ನೆನಪಿನಲ್ಲಿ ಉಳಿಯಲಿ ಎಂದೇ ಚಿಕ್ಕದಾಗಿ ಬರೆದದ್ದು. ಅವುಗಳ ಹಿಂದಿರುವ ಲೆಕ್ಕವನ್ನೂ ಕಾರಣವನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ಭಾರತದಲ್ಲಿ ಈ ಆಟದ ಮನೆ ಲಡಾಖ್. ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ ಡಿಸೆಂಬರ್ ಕೊನೆಗೆ ಕೆರೆಗಳು ಗಟ್ಟಿಯಾಗುತ್ತವೆ. ಕರ್ಜೂ, ಗುಪುಕ್ ಕೆರೆಗಳ ಮೇಲೆ ಹುಡುಗ ಹುಡುಗಿಯರು ಆಡುತ್ತಾರೆ. ಅಲ್ಲಿನ ಎನ್‌ಡಿಎಸ್ ಕ್ರೀಡಾಂಗಣದಲ್ಲಿ ಮತ್ತು ಗುಪುಕ್ ಕೆರೆಯಲ್ಲಿ 2024ರಲ್ಲೂ 2025ರಲ್ಲೂ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಸ್ಪರ್ಧೆಗಳು ನಡೆದವು. 2025ರಲ್ಲಿ ಅಲ್ಲಿ ಐಸ್ ಸ್ಕೇಟಿಂಗ್‌ನ ಎರಡು ಚಿನ್ನ ಗೆದ್ದ ನಯನಾ ಶ್ರೀ ತಾಳ್ಲೂರಿ ನಮ್ಮ ತೆಲಂಗಾಣದವರು. ಆದ್ದರಿಂದ ಹೈದರಾಬಾದಿಗೂ ಹಿಮದ ಅಂಕಣಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ.

ಮೀಟರ್ ಹೇಳಿದ್ದನ್ನು ಕೇಳು, ಅದರ ಮೇಲೊಂದು ಸ್ಟಾಪ್ ಕೂಡಿಸು.

ಮೊದಲ ಸಾಲು ಬೆಳಕಿನದು. ಕ್ಯಾಮೆರಾದೊಳಗಿನ ಮೀಟರ್‌ಗೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಕಂಡ ಬೆಳಕನ್ನೆಲ್ಲ ಸರಾಸರಿ ಮಾಡಿ ಅದು ನಡುಬಣ್ಣದ ಬೂದಿಗೆ ತಂದು ನಿಲ್ಲಿಸುತ್ತದೆ. ಬೀದಿಯಲ್ಲಿ, ಮದುವೆ ಮನೆಯಲ್ಲಿ, ತೋಟದಲ್ಲಿ ಈ ಸರಾಸರಿ ಸಾಮಾನ್ಯವಾಗಿ ಸರಿಹೋಗುತ್ತದೆ. ಐಸ್ ಅಂಕಣದಲ್ಲಿ ಚೌಕಟ್ಟಿನ ಮುಕ್ಕಾಲು ಪಾಲು ಬಿಳಿ. ಅಷ್ಟು ಬಿಳಿಯನ್ನು ಕಂಡ ಮೀಟರ್ ಬೆಳಕು ಹೆಚ್ಚಾಯಿತೆಂದು ತೀರ್ಮಾನಿಸಿ ಕಡಿಮೆ ಮಾಡುತ್ತದೆ. ಐಸ್ ಕೊಳೆತ ಬೂದಿಯಾಗುತ್ತದೆ, ಹೆಲ್ಮೆಟ್ಟಿನೊಳಗಿನ ಮುಖ ಕತ್ತಲಾಗುತ್ತದೆ.

ಬೇಗಂಪೇಟೆಯವರು ಇದನ್ನು ಬೇರೊಂದು ರೂಪದಲ್ಲಿ ಕಂಡಿದ್ದಾರೆ. 2018ರಿಂದ ಎರಡು ವರ್ಷಕ್ಕೊಮ್ಮೆ ಹಳೆಯ ವಿಮಾನ ನಿಲ್ದಾಣದಲ್ಲಿ ವಿಂಗ್ಸ್ ಇಂಡಿಯಾ ನಡೆಯುತ್ತದೆ. ವಾಯುಪಡೆಯ ಸಾರಂಗ್ ತಂಡದ ಹೆಲಿಕಾಪ್ಟರ್‌ಗಳು, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ್‌ಗಳು, ನಮ್ಮ ತಾರಸಿಗಳ ಮೇಲೆ ತಿರುಗಿದ್ದುಂಟು. ಆಗ ತೆಗೆದ ಚಿತ್ರಗಳನ್ನು ನೋಡಿ: ಮಬ್ಬು ಬಿಳಿ ಆಕಾಶ, ನಡುವೆ ಕಪ್ಪು ಆಕೃತಿ. ಮೈಮೇಲಿನ ನವಿಲಿನ ಚಿತ್ತಾರ ಮಾಯ. ಅಲ್ಲಿ ಆಕಾಶ ಮಾಡುವ ಕೆಲಸವನ್ನೇ ಲೇಹ್‌ನಲ್ಲಿ ನೆಲ ಮಾಡುತ್ತದೆ. ಮದ್ದೂ ಒಂದೇ: ಮೀಟರ್ ಹೇಳಿದ್ದಕ್ಕಿಂತ ಸುಮಾರು ಒಂದು ಸ್ಟಾಪ್ ಹೆಚ್ಚು. ಬಿಸಿಲಿನ ಕೆರೆಯ ಮೇಲೆ ಅದು ಒಂದೂ ಕಾಲಿನವರೆಗೆ ಹೋಗಬಹುದು. ಮೋಡವಿದ್ದರೆ ಮುಕ್ಕಾಲು ಸಾಕು.

"ಕೇಳು" ಎಂಬ ಮಾತನ್ನೂ ಬಿಡಬಾರದು. ಆಟ ಶುರುವಾಗುವ ಮೊದಲು, ಆಟಗಾರರು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರುವಾಗ, ಖಾಲಿ ಐಸ್ ಮೇಲೆ ಒಂದು ಅಳತೆ ತೆಗೆದುಕೊಳ್ಳಬೇಕು. ಒಂದು ಸ್ಟಾಪ್ ಕೂಡಿಸಿ ಮ್ಯಾನ್ಯುವಲ್‌ನಲ್ಲಿ ಕಟ್ಟಬೇಕು. ಹಿಸ್ಟೋಗ್ರಾಮ್‌ನಲ್ಲಿ ಬಿಳಿಯ ಗುಡ್ಡ ಬಲಗಡೆಯ ಗೋಡೆಗೆ ತಾಗುವ ಮುಂಚೆ ನಿಂತಿದೆಯೇ ಎಂದು ನೋಡಬೇಕು. ಅಲ್ಲಿಗೆ ಮುಗಿಯಿತು. ಆಟೋದಲ್ಲಿ ಬಿಟ್ಟರೆ ಕಪ್ಪು ಜರ್ಸಿಯ ತಂಡ ಹತ್ತಿರ ಬಂದಾಗ ಒಂದು ಬೆಳಕು, ಬಿಳಿ ಜರ್ಸಿಯವರು ಬಂದಾಗ ಇನ್ನೊಂದು. ಐಸ್ ಮೇಲೆ ಬಿದ್ದ ಸೂರ್ಯನೇನೋ ಬದಲಾಗಿರುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ: ಲೇಹ್‌ನ ಬೆಳಗಿನಲ್ಲಿ ಅರ್ಧ ಅಂಕಣ ಬಿಸಿಲು, ಅರ್ಧ ನೆರಳು, ಒಂದೇ ಕಟ್ಟು ಹೇಗೆ ಸಾಕು? ಸಾಲದು. ಬಿಸಿಲಿಗೂ ಗುಡ್ಡದ ನೆರಳಿಗೂ ಹಲವು ಸ್ಟಾಪ್‌ಗಳ ಅಂತರ. ನೆರಳಿನ ಐಸ್ ನೀಲಿಯಾಗಿಯೂ ಬರುತ್ತದೆ. ಹವ್ಯಾಸಿಯಾದವರು ಒಂದು ಅರ್ಧವನ್ನು ಆರಿಸಿಕೊಳ್ಳಬೇಕು, ಇನ್ನೊಂದರಲ್ಲಿ ನಡೆಯುವುದನ್ನು ಕಣ್ಣಲ್ಲೇ ನೋಡಿ ಬಿಡಬೇಕು. ನಾನಾದರೆ ಬಿಸಿಲನ್ನೇ ಆರಿಸುತ್ತೇನೆ. ಬಿಸಿಲಿನಲ್ಲಿ ಐಸ್ ಕೆಳಗಿನಿಂದ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಹೆಲ್ಮೆಟ್ಟಿನ ಜಾಲರಿಯ ಹಿಂದೆ ಗಲ್ಲ, ತುಟಿ, ಕಣ್ಣಿನ ಕೆಳಭಾಗ ಎಲ್ಲವೂ ಕಾಣುತ್ತವೆ. ಸ್ಟುಡಿಯೋದಲ್ಲಿ ಬಿಳಿ ಹಲಗೆ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ನೆಲವೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಸೆಕೆಂಡನ್ನು ಸಾವಿರವಾಗಿ ಸೀಳು. ಆದರೂ ಪಕ್ ಜಾರುತ್ತದೆ, ಜಾರಲಿ.

ಪಕ್ ಗಟ್ಟಿ ರಬ್ಬರಿನ ಬಿಲ್ಲೆ. ಅಗಲ 7.62 ಸೆಂಟಿಮೀಟರ್, ದಪ್ಪ 2.54, ತೂಕ 156ರಿಂದ 170 ಗ್ರಾಂ. ದೊಡ್ಡ ಪಂದ್ಯಗಳಲ್ಲಿ ಪುಟಿಯದಿರಲಿ ಎಂದು ಅದನ್ನು ಮೊದಲೇ ಶೀತಲಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಬಲವಾದ ಸ್ಲ್ಯಾಪ್ ಶಾಟ್‌ನಲ್ಲಿ ಅದು ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ, ಅಂದರೆ ಸೆಕೆಂಡಿಗೆ 44 ಮೀಟರ್. ಶಟರ್ 1/1000ಕ್ಕೆ ತೆರೆದು ಮುಚ್ಚುವಷ್ಟರಲ್ಲಿ ಪಕ್ 4.4 ಸೆಂಟಿಮೀಟರ್ ಸಾಗಿರುತ್ತದೆ, ತನ್ನದೇ ಅಗಲದ ಅರ್ಧಕ್ಕಿಂತ ಹೆಚ್ಚು. ಚಿತ್ರದಲ್ಲಿ ಅದು ದುಂಡಗೆ ಇರುವುದಿಲ್ಲ, ಅಂಡಾಕಾರದ ಕಪ್ಪು ಕಲೆಯಾಗಿರುತ್ತದೆ. 1/2000ಕ್ಕೆ ಏರಿಸಿದರೂ 2.2 ಸೆಂಟಿಮೀಟರ್ ಜಾರುತ್ತದೆ.

ಆಟಗಾರರ ಲೆಕ್ಕ ಬೇರೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವವರು 1/1000ರಲ್ಲಿ ಒಂದೇ ಸೆಂಟಿಮೀಟರ್ ಸರಿಯುತ್ತಾರೆ. ಚಿತ್ರದಲ್ಲಿ ಅದು ಕಣ್ಣಿಗೆ ಗೊತ್ತಾಗದು. ಆದ್ದರಿಂದ ಸಾವಿರ ಎಂಬುದು ಪಕ್‌ಗಾಗಿ ಇಟ್ಟ ಸಂಖ್ಯೆಯಲ್ಲ, ಮನುಷ್ಯರಿಗಾಗಿ ಇಟ್ಟದ್ದು. ಕಣ್ಣು, ಮುಖ, ಕೈಗವಸಿನ ಹಿಡಿತ ಸ್ಪಷ್ಟವಾಗಿದ್ದರೆ ಪಕ್ ಸ್ವಲ್ಪ ಉಜ್ಜಿಕೊಂಡಂತಿರುವುದು ಚಿತ್ರಕ್ಕೆ ಒಳ್ಳೆಯದೇ. ವೇಗ ಇದ್ದದ್ದಕ್ಕೆ ಅದೇ ಸಾಕ್ಷಿ. ಮತ್ತೆ ಸಾರಂಗ್‌ನ ಉದಾಹರಣೆ ತರುವುದಾದರೆ, ತೀರಾ ವೇಗದ ಶಟರ್‌ನಲ್ಲಿ ರೆಕ್ಕೆಗಳು ಕಡ್ಡಿಗಳಂತೆ ನಿಂತು ಹೆಲಿಕಾಪ್ಟರ್ ಆಕಾಶಕ್ಕೆ ಅಂಟಿಸಿದಂತೆ ಕಾಣುತ್ತದೆ. ಅದಕ್ಕೇ ತಿಳಿದವರು ಅಲ್ಲಿ 1/125ರ ಸುತ್ತ ಇಳಿಯುತ್ತಾರೆ. ಹಾಕಿಯಲ್ಲಿ ಅಷ್ಟು ಇಳಿಯಲಾಗದು, ಮುಖಗಳು ಕೆಡುತ್ತವೆ.

ಸಾವಿರಕ್ಕೆ ಏರಿದವರಿಗೆ ಮಾತ್ರ ಸಿಗುವ ಒಂದು ನೋಟವಿದೆ. ಸ್ಲ್ಯಾಪ್ ಶಾಟ್ ಹೊಡೆಯುವವರ ಸ್ಟಿಕ್ ನೇರವಾಗಿ ಪಕ್‌ಗೆ ತಗಲುವುದಿಲ್ಲ. ಅದಕ್ಕಿಂತ ಸ್ವಲ್ಪ ಹಿಂದೆ ಐಸ್‌ಗೆ ತಗಲಿ ಬಿಲ್ಲಿನಂತೆ ಬಾಗುತ್ತದೆ, ಬಾಗಿದ ಸ್ಟಿಕ್ ನೆಟ್ಟಗಾಗುವಾಗಿನ ಕಸುವೇ ಪಕ್ ಅನ್ನು ಎಸೆಯುತ್ತದೆ. ಬರಿಗಣ್ಣಿಗೆ ಇದು ಕಾಣುವುದೇ ಇಲ್ಲ. ಚಿತ್ರದಲ್ಲಿ ಕೆಳಗಿನ ಕೈ ಒತ್ತಿದ ಜಾಗದಿಂದ ಸ್ಟಿಕ್ ಬಳುಕಿ ನಿಂತಿರುತ್ತದೆ, ತುದಿಯಲ್ಲಿ ಪುಡಿಯಾದ ಐಸ್ ಎದ್ದಿರುತ್ತದೆ, ಆಟಗಾರರ ಇಡೀ ಭಾರ ಮುಂದಿನ ಕಾಲಿಗೆ ಬಂದಿರುತ್ತದೆ. ಹಾಕಿಯನ್ನು ಎಷ್ಟೋ ಕಾಲ ನೋಡಿದವರೂ ಈ ಬಾಗನ್ನು ಮೊದಲ ಸಲ ಚಿತ್ರದಲ್ಲೇ ಕಾಣುತ್ತಾರೆ. ಹವ್ಯಾಸಿಯೊಬ್ಬರು ಆಟಕ್ಕೆ ಏನಾದರೂ ಕೊಡಬಲ್ಲರು ಎಂದಾದರೆ ಇಂಥದ್ದನ್ನೇ.

ಬೆಳಕು ಸಾಕೇ ಎಂಬ ಪ್ರಶ್ನೆ ಉಳಿಯಿತು. ಲಕ್ಷ ದಾಟಿದ ಎಫ್ 2.8 ಲೆನ್ಸ್ ಇಲ್ಲದವರು ಮೊದಲು ಕೇಳುವುದೇ ಇದನ್ನು. ಬಿಸಿಲಿನ ಹಳೆಯ ಸೂತ್ರ ಗೊತ್ತಲ್ಲ: ಎಫ್ 16ರಲ್ಲಿ ಐಎಸ್‌ಒ ಎಷ್ಟೋ ಶಟರ್ ಅಷ್ಟು. ಐಎಸ್‌ಒ 400 ಇಟ್ಟರೆ ಎಫ್ 16ಕ್ಕೆ 1/400. ಎಫ್ 5.6ಕ್ಕೆ ತೆರೆದರೆ ಮೂರು ಸ್ಟಾಪ್ ಸಿಕ್ಕಿ 1/3200. ಐಸ್ ಮೇಲೆ ಇನ್ನೂ ಹೆಚ್ಚೇ ಸಿಗುತ್ತದೆ. ಅಂದರೆ ಕಿಟ್ ಜೊತೆ ಬಂದ 55–250 ಲೆನ್ಸ್ ಲೇಹ್‌ನ ಬೆಳಗಿಗೆ ಬೇಕಾದಷ್ಟಾಯಿತು. ಛಾವಣಿಯ ಕೆಳಗಿನ ಅಂಕಣಗಳ ಮಾತು ಬೇರೆ. ಗುರುಗ್ರಾಮದ ಮಾಲ್‌ನ ರಿಂಕ್ ಆಗಲಿ, 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಡೆಹ್ರಾಡೂನ್ ರಿಂಕ್ ಆಗಲಿ, ಇಂಥ ಕಡೆ ಎಫ್ 2.8ರಲ್ಲೂ ಐಎಸ್‌ಒ 3200ಕ್ಕೆ ಏರಬೇಕಾಗುತ್ತದೆ. ಜೊತೆಗೆ ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/1000ರ ಶಟರ್ ಆ ಮಿನುಗಿನ ಹತ್ತನೇ ಒಂದು ಪಾಲನ್ನಷ್ಟೇ ಹಿಡಿಯುವುದರಿಂದ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಹಳದಿ, ಒಂದು ಕಂದು, ಒಂದು ಸರಿ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ರಾ ಕಡತದಲ್ಲಿ ತೆಗೆದು ಮನೆಯಲ್ಲಿ ಸರಿಮಾಡಿಕೊಳ್ಳುವುದೊಂದೇ ದಾರಿ.

ಒಬ್ಬರನ್ನು ಹಿಡಿ, ಅಡ್ಡ ಬಂದವರಿಗೆ ಬಿಟ್ಟುಕೊಡಬೇಡ.

ಇದು ಫೋಕಸ್‌ನ ಸಾಲು. ಅಂಕಣದ ಮೇಲೆ ಒಂದೊಂದು ತಂಡದಿಂದ ಆರು ಜನ, ಗೋಲ್‌ಕೀಪರ್ ಸೇರಿ. ಅವರಲ್ಲದೆ ತೀರ್ಪುಗಾರರು. ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಿಲ್ಲದೆಯೇ ಆಟಗಾರರು ಬದಲಾಗುತ್ತಾರೆ. ನಿರಂತರ ಫೋಕಸ್ ಇಟ್ಟರೂ ನೀವು ಹಿಡಿದವರ ಮುಂದೆ ಇನ್ನೊಬ್ಬರು ಹಾದರೆ ಕ್ಯಾಮೆರಾ ಅವರ ಹಿಂದೆ ಹೋಗುತ್ತದೆ. ಅದಕ್ಕೆ ಮೆನುವಿನಲ್ಲಿ ಒಂದು ಆಯ್ಕೆ ಇರುತ್ತದೆ, ಅಡ್ಡಬಂದದ್ದಕ್ಕೆ ಎಷ್ಟು ಬೇಗ ಸ್ಪಂದಿಸಬೇಕು ಎಂದು. ಅದನ್ನು ನಿಧಾನದ ಕಡೆಗೆ ತಳ್ಳಿ. ಫೋಕಸ್ ಬಿಂದುವನ್ನು ಐಸ್ ಮೇಲಾಗಲಿ ಬಿಳಿ ಪ್ಯಾಂಟ್ ಮೇಲಾಗಲಿ ಇಡಬೇಡಿ, ಹಿಡಿಯಲು ಅಲ್ಲಿ ಗೆರೆಯೇ ಇಲ್ಲ. ಎದೆಯ ಮೇಲಿನ ಚಿಹ್ನೆ, ತೋಳಿನ ಅಂಕಿ, ಇಲ್ಲವೇ ಹೆಲ್ಮೆಟ್ಟಿನ ಜಾಲರಿ ಸರಿ. ಫೋಕಸ್ ಅನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಹೆಬ್ಬೆರಳ ಗುಂಡಿಗೆ ಕೊಟ್ಟರೆ ಹಿಡಿಯುವುದು ಒಂದು ಕೈಕೆಲಸ, ಒತ್ತುವುದು ಇನ್ನೊಂದು. ಮೊದಮೊದಲು ಬೆರಳುಗಳು ತಡವರಿಸುತ್ತವೆ. ಬೇಗಂಪೇಟೆ ನಿಲ್ದಾಣದ ಹೊರಗಿನ ರಸ್ತೆಯಿಂದ ಎಂಎಂಟಿಎಸ್ ರೈಲುಗಳ ಮೇಲೆ, ಮೇಲೆ ಓಡುವ ಮೆಟ್ರೋ ಮೇಲೆ ಅಭ್ಯಾಸ ಮಾಡಬಹುದು. ರೈಲು ಬರುವ ಗೆರೆ ಗೊತ್ತಿರುತ್ತದೆ, ನಡುವೆ ಕಂಬಗಳು ಅಡ್ಡ ಬರುತ್ತವೆ. ಕಂಬಕ್ಕೆ ಫೋಕಸ್ ಬಿಟ್ಟುಕೊಡದೆ ರೈಲಿನ ಮುಖವನ್ನು ಉಳಿಸಿಕೊಳ್ಳುವುದೇ ಪಾಠ.

ಗೋಲಿನ ನೇರ ಹಿಂದೆ ಬೇಡ, ಮೂಲೆಯ ಬಾಗಿನಲ್ಲಿ ನಿಲ್ಲು.

ಗೋಲಿನ ಹಿಂದೆ ನಿಂತರೆ ಎಲ್ಲರೂ ಎದುರಿಗೆ ಬರುತ್ತಾರೆ, ನಿಜ. ಆದರೆ ನಡುವೆ ಬಲೆ ಇರುತ್ತದೆ, ಗೋಲ್‌ಕೀಪರ್‌ನ ಬೆನ್ನು ಇರುತ್ತದೆ. ಅಂತರರಾಷ್ಟ್ರೀಯ ಅಂಕಣ 60 ಮೀಟರ್ ಉದ್ದ, ಅಗಲ ಸಾಂಪ್ರದಾಯಿಕವಾಗಿ 30 ಮೀಟರ್. ಅದರ ಮೂಲೆಗಳು ದುಂಡಗೆ ಬಾಗಿರುತ್ತವೆ. ಆ ಬಾಗಿನಲ್ಲಿ ನಿಂತವರಿಗೆ ದಾಳಿ ಮಾಡುವವರ ಮುಖ, ಗೋಲ್‌ಕೀಪರ್‌ನ ಪಾರ್ಶ್ವ, ಪಕ್ ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುವ ಅವಕಾಶ ಹೆಚ್ಚು. ಇಪ್ಪತ್ತು ನಿಮಿಷಗಳ ಮೂರು ಅವಧಿ, ಪ್ರತಿ ಅವಧಿಗೂ ತಂಡಗಳು ಬದಿ ಬದಲಾಯಿಸುತ್ತವೆ. ಒಂದೇ ಮೂಲೆಯಲ್ಲಿ ನಿಂತರೆ ಒಂದು ತಂಡದ ದಾಳಿ ಎರಡು ಅವಧಿ, ಇನ್ನೊಂದರದು ಒಂದೇ. ಇಬ್ಬರಿಗೂ ನ್ಯಾಯ ಸಲ್ಲಿಸಬೇಕೆಂದರೆ ಕೊನೆಯ ಅವಧಿಯ ನಡುವೆ ಆಚೆ ಬದಿಗೆ ನಡೆಯಬೇಕು.

ಛಾವಣಿಯ ಕೆಳಗಿನ ರಿಂಕ್‌ಗಳಲ್ಲಿ ಸುತ್ತ ಪಾರದರ್ಶಕ ಗೋಡೆ ಇರುತ್ತದೆ. ವೃತ್ತಿಪರರಿಗೆ ಅದರಲ್ಲಿ ಲೆನ್ಸ್ ತೂರಿಸುವ ರಂಧ್ರ ಬಿಟ್ಟಿರುತ್ತಾರೆ. ನಮ್ಮಂಥವರು ಗೀರಿಲ್ಲದ ಜಾಗ ಹುಡುಕಿ ರಬ್ಬರ್ ಹುಡ್ ಅನ್ನು ಗೋಡೆಗೆ ಒತ್ತಿ ನೇರವಾಗಿ ನೋಡಬೇಕು. ಓರೆಯಾದಷ್ಟೂ ಚಿತ್ರ ಕಲಸಿಹೋಗುತ್ತದೆ. ಲಡಾಖ್‌ನ ಕೆರೆ ಅಂಕಣಗಳಲ್ಲಿ ಬಹಳ ಕಡೆ ಗಿಡ್ಡ ಹಲಗೆಯಷ್ಟೇ ಇದ್ದು ಗೋಡೆ ಇರುವುದಿಲ್ಲ. ಶಿಕಾಗೋದಲ್ಲೋ ಟೊರಾಂಟೋದಲ್ಲೋ ದುಡ್ಡು ಕೊಟ್ಟರೂ ಸಿಗದ ಸ್ವಚ್ಛ ನೋಟ ಅಲ್ಲಿ ಎಲ್ಲರಿಗೂ ತೆರೆದಿದೆ. ಆದರೆ ಗೋಡೆ ಇಲ್ಲವೆಂದರೆ ಪಕ್‌ಗೂ ತಡೆ ಇಲ್ಲ. ಬಲಗಣ್ಣು ಕ್ಯಾಮೆರಾದಲ್ಲಿದ್ದರೆ ಎಡಗಣ್ಣು ತೆರೆದಿರಲಿ. ಪಕ್ ಎಲ್ಲಿದೆ ಎಂದು ತಿಳಿಯದ ಕ್ಷಣದಲ್ಲಿ ಮೊದಲು ಹಲಗೆಯ ಹಿಂದೆ ತಗ್ಗಬೇಕು, ಚಿತ್ರ ಆಮೇಲೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರು ಅವರನ್ನು ಉದ್ದದ ಬದಿಯಲ್ಲಿ, ನಡುಗೆರೆಯ ಹತ್ತಿರ, ಹಿಂದೆ ನಿಲ್ಲಿಸಬೇಕು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕಾಲು ಸುಳ್ಳು ಹೇಳುತ್ತದೆ, ಹೆಗಲು ಹೇಳುವುದಿಲ್ಲ.

ಒಂಬತ್ತರಲ್ಲಿ ನನಗೆ ಅತಿ ಮುಖ್ಯವೆನಿಸುವ ಸಾಲು ಇದು. ಮೇಲಿನ ನಾಲ್ಕನ್ನೂ ಆಟ ಶುರುವಾಗುವ ಮೊದಲೇ ಮುಗಿಸಿಬಿಡಬೇಕು ಎನ್ನುವುದು ಇದಕ್ಕಾಗಿಯೇ. ಬೆಳಕು, ಶಟರ್, ಫೋಕಸ್, ಜಾಗ ಎಲ್ಲ ಕಟ್ಟಿಟ್ಟ ಮೇಲೆ ಕಣ್ಣಿಗೆ ಉಳಿಯುವ ಕೆಲಸ ಒಂದೇ, ಆಟ ನೋಡುವುದು. ಪಕ್ ಕಂಡಾಗ ಒತ್ತುತ್ತೇನೆ ಎಂದರೆ ಆಗದು. ಕಣ್ಣು ಕಂಡು ಬೆರಳು ಒತ್ತುವ ಹೊತ್ತಿಗೆ ಸೆಕೆಂಡಿನ ಐದನೇ ಒಂದು ಪಾಲಾದರೂ ಕಳೆದಿರುತ್ತದೆ. ಅಷ್ಟರಲ್ಲಿ ಆ ಪಕ್ ಎಂಟೊಂಬತ್ತು ಮೀಟರ್ ಆಚೆ ಇರುತ್ತದೆ. ಆದ್ದರಿಂದ ಆಗುವುದನ್ನು ತೆಗೆಯಲಾಗದು, ಆಗಲಿರುವುದನ್ನು ಮಾತ್ರ ತೆಗೆಯಬಹುದು. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಇದಕ್ಕೆ ಪರಿಹಾರವಲ್ಲ. ತಪ್ಪಿದ ಕ್ಷಣವನ್ನು ಅದು ಇಪ್ಪತ್ತು ಸಲ ತಪ್ಪಿಸುತ್ತದೆ, ಅಷ್ಟೆ.

ಆಗಲಿರುವುದನ್ನು ಹೇಳುವುದು ಹೆಗಲು. ಸ್ಕೇಟ್ ಮೇಲಿರುವವರು ಕಾಲನ್ನು ಹತ್ತು ಬಗೆಯಲ್ಲಿ ಆಡಿಸಿ ಎದುರಾಳಿಯನ್ನು ದಾರಿ ತಪ್ಪಿಸಬಲ್ಲರು. ಸ್ಟಿಕ್ಕಿನ ತುದಿಯಂತೂ ಇರುವುದೇ ಏಮಾರಿಸಲು. ಆದರೆ ನಿಜವಾಗಿ ತಿರುಗುವಾಗ ಮೊದಲು ತಿರುಗುವುದು ತಲೆ ಮತ್ತು ಹೆಗಲು, ಆಮೇಲೆ ಸೊಂಟ, ಕೊನೆಗೆ ಸ್ಕೇಟಿನ ಅಂಚು. ರಕ್ಷಣೆಗೆ ನಿಲ್ಲುವವರಿಗೆ ತರಬೇತುದಾರರು ಪಕ್ ನೋಡಬೇಡ, ಎದೆ ನೋಡು ಎಂದು ಕಲಿಸುವುದು ಇದೇ ಕಾರಣಕ್ಕೆ. ಆ ಪಾಠ ಕ್ಯಾಮೆರಾ ಹಿಡಿದವರಿಗೂ ಸಲ್ಲುತ್ತದೆ. ಪಾಸ್ ಕೊಡುವ ಮೊದಲು ತಲೆ ಒಂದು ಕ್ಷಣ ಮೇಲೇಳುತ್ತದೆ. ಹೊಡೆಯುವ ಮೊದಲು ಹೆಗಲು ಹಿಂದಕ್ಕೆ ಹೋಗುತ್ತದೆ. ತಟ್ಟನೆ ನಿಲ್ಲುವ ಮೊದಲು ಸೊಂಟ ತಗ್ಗುತ್ತದೆ, ಎರಡೂ ಸ್ಕೇಟ್ ಅಡ್ಡವಾಗುತ್ತವೆ, ಆಮೇಲೆ ಐಸ್ ಪುಡಿ ಕಾರಂಜಿಯಂತೆ ಏಳುತ್ತದೆ. ಸೊಂಟ ತಗ್ಗಿದಾಗ ಒತ್ತಿದವರಿಗೆ ಕಾರಂಜಿ ಸಿಗುತ್ತದೆ. ಸೂರ್ಯ ಎದುರಿಗಿದ್ದರೆ ಆ ಪುಡಿಯ ಒಂದೊಂದು ಹರಳೂ ಹೊಳೆಯುತ್ತದೆ.

ಇದನ್ನು ಕಲಿಯಲು ಲೇಹ್‌ವರೆಗೆ ಹೋಗಬೇಕಾಗಿಲ್ಲ. ಬೇಗಂಪೇಟೆಯಿಂದ ಸ್ವಲ್ಪವೇ ದೂರದ ಇಂದಿರಾ ಪಾರ್ಕ್‌ನಲ್ಲಿ ರೋಲರ್ ಸ್ಕೇಟಿಂಗ್ ರಿಂಕ್ ಇದೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಲಾತ್ಮಕ ಸ್ಕೇಟಿಂಗ್‌ನ ಎರಡು ಕಂಚು ತಂದ ಅನೂಪ್ ಕುಮಾರ್ ಯಾಮ ಹೈದರಾಬಾದಿನವರೇ. ಚಕ್ರವಾಗಲಿ ಬ್ಲೇಡ್ ಆಗಲಿ, ಮೈ ತಿರುಗುವ ಕ್ರಮ ಒಂದೇ. ಮೊದಲು ಕ್ಯಾಮೆರಾ ತೆಗೆಯದೆ ಕೂತು ನೋಡಿ. ಈಗ ಎಡಕ್ಕೆ, ಈಗ ಬಲಕ್ಕೆ ಎಂದು ಮನಸ್ಸಿನಲ್ಲೇ ಮೊದಲೇ ಹೇಳಿಕೊಳ್ಳಿ. ಹೇಳಿದ್ದು ಸರಿಹೋಗತೊಡಗಿದ ಮೇಲೆ ಕ್ಯಾಮೆರಾ ತೆಗೆಯಿರಿ. ಅಲ್ಲಿ ಕಲಿಯುವವರು ಹೆಚ್ಚಾಗಿ ಮಕ್ಕಳು. ತಂದೆ ತಾಯಿಯರನ್ನೂ ಕಲಿಸುವವರನ್ನೂ ಕೇಳಿ ಒಪ್ಪಿಗೆ ಪಡೆದ ಮೇಲಷ್ಟೇ ಒಂದು ಚಿತ್ರವನ್ನಾದರೂ ತೆಗೆಯಬೇಕು.

ಹೊಸಬರಿಗೆ ಇನ್ನೊಂದು ಮಾತು. ಎಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತಿರುವ ಒಂದು ಗಳಿಗೆ ಪ್ರತಿ ಪಂದ್ಯದಲ್ಲೂ ಹಲವು ಸಲ ಬರುತ್ತದೆ. ಅದು ಫೇಸ್-ಆಫ್. ಇಬ್ಬರು ಬಗ್ಗಿ ನಿಂತಿರುತ್ತಾರೆ, ಸ್ಟಿಕ್‌ಗಳು ಐಸ್ ಮುಟ್ಟಿರುತ್ತವೆ, ನಡುವೆ ತೀರ್ಪುಗಾರರ ಕೈ. ಪಕ್ ಬಿಡುವ ಮುನ್ನ ಇಬ್ಬರ ಕಣ್ಣೂ ಆ ಕೈಯ ಮೇಲಿರುತ್ತವೆ. ಫೋಕಸ್ ಮಾಡಿಕೊಳ್ಳಲು ಸಮಯವಿದೆ, ಚೌಕಟ್ಟು ಕಟ್ಟಲು ಸಮಯವಿದೆ. ಮೊದಲ ಒಳ್ಳೆಯ ಚಿತ್ರ ಸಾಮಾನ್ಯವಾಗಿ ಇಲ್ಲೇ ಸಿಗುತ್ತದೆ.

ಗೋಲ್‌ಕೀಪರ್‌ಗೆ ಒಂದು ಪೂರ್ತಿ ಅವಧಿ ಕೊಡು.

ಕನ್ನಡದ ಹವ್ಯಾಸಿ ಛಾಯಾಗ್ರಹಣ ದೊಡ್ಡ ಪಾಲು ಬೆಳೆದದ್ದು ಹಕ್ಕಿ ಮತ್ತು ಕಾಡಿನ ನಡುವೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮುಂತಾದವರಿಂದ ನಾವು ಕಲಿತ ಮೊದಲ ಪಾಠ, ಹಾರುವ ಹಕ್ಕಿಯ ಹಿಂದೆ ಓಡಬಾರದು, ಅದು ಮರಳಿ ಬರುವ ಕೊಂಬೆಯ ಹತ್ತಿರ ಕಾಯಬೇಕು ಎಂಬುದು. ಐಸ್ ಹಾಕಿಯಲ್ಲಿ ಪಕ್ ಮತ್ತೆ ಮತ್ತೆ ಮರಳುವ ಜಾಗ ಗೋಲು. 1.83 ಮೀಟರ್ ಅಗಲ, 1.22 ಮೀಟರ್ ಎತ್ತರದ ಆ ಬಾಯಿಯ ಮುಂದೆ ನಿಂತವರು ದೂರ ಹೋಗುವುದಿಲ್ಲ. ಫೋಕಸ್ ಅಲುಗದೆ ಕೂರುತ್ತದೆ. ಉಳಿದವರು ಕ್ಷಣಕ್ಕೊಬ್ಬರು ಬದಲಾಗುವಾಗ ಇವರು ಪಂದ್ಯ ಪೂರ್ತಿ ಇರುತ್ತಾರೆ. ಒಂದು ಕೈಯಲ್ಲಿ ಹಿಡಿಯುವ ಗವಸು, ಇನ್ನೊಂದರಲ್ಲಿ ತಡೆಯುವ ಹಲಗೆ. ಎರಡೂ ಮೊಣಕಾಲು ಒಳಕ್ಕೆ ಮಡಿಚಿ ಕಾಲುಗಳನ್ನು ಎರಡು ಬದಿಗೆ ಚೆಲ್ಲಿ ಕೂರುವ ಬಟರ್‌ಫ್ಲೈ ಭಂಗಿಯನ್ನು ಹತ್ತಿರದಿಂದ ಕಂಡವರಿಗೆ ಅದರ ಕಷ್ಟ ಗೊತ್ತಾಗುತ್ತದೆ. ಪಕ್ ಆಚೆ ತುದಿಯಲ್ಲಿದ್ದಾಗ ಸ್ಕೇಟಿನಿಂದ ಐಸ್ ಕೆರೆದುಕೊಳ್ಳುವುದು, ಎರಡೂ ಕಂಬಗಳನ್ನು ಸ್ಟಿಕ್‌ನಿಂದ ತಟ್ಟಿ ತಾನೆಲ್ಲಿದ್ದೇನೆಂದು ಖಚಿತ ಮಾಡಿಕೊಳ್ಳುವುದು, ಇವೂ ಚಿತ್ರಗಳೇ.

ಭಾರತ ಮಹಿಳಾ ತಂಡದ ಗೋಲ್ ಕಾದ ಲೇಹ್‌ನ ನೂರ್ ಜಹಾನ್ ವೃತ್ತಿಯಲ್ಲಿ ಕಲಾ ಸಂರಕ್ಷಕಿ. ಲಡಾಖ್‌ನ ಹಳೆಯ ಭಿತ್ತಿಚಿತ್ರಗಳ ಮೇಲಿನ ಮಸಿ ತೆಗೆದು, ಕಿತ್ತುಬಂದ ಬಣ್ಣವನ್ನು ಕೂರಿಸುವ ನಾಜೂಕಿನ ಕೆಲಸ ಅವರದು. ಅದೇ ಕೈ ಚಳಿಗಾಲದಲ್ಲಿ ಆ ದಪ್ಪ ಗವಸಿನೊಳಗೆ ಇರುತ್ತದೆ. ಇಷ್ಟು ತಿಳಿದ ಮೇಲೆ ಗವಸಿನ ಕಡೆ ಲೆನ್ಸ್ ತಿರುಗಿಸುವ ರೀತಿಯೇ ಬದಲಾಗುತ್ತದೆ. ಪತ್ರಿಕೆಯವರಿಗೆ ಮುಂದಿನ ಪಂದ್ಯ ಕಾದಿರುತ್ತದೆ, ಹವ್ಯಾಸಿಗೆ ಆ ಆತುರವಿಲ್ಲ. ಆಡುವವರು ಯಾರು, ಉಳಿದ ದಿನ ಏನು ಮಾಡುತ್ತಾರೆ ಎಂದು ವಿಚಾರಿಸಿಕೊಳ್ಳಬಹುದು.

ಶಿಳ್ಳೆಯಾದ ಮೇಲೂ ಬೆರಳು ತೆಗೆಯಬೇಡ.

ಐಸ್ ಹಾಕಿಯ ಅತ್ಯಂತ ಹೆಸರಾಂತ ಎರಡು ಚಿತ್ರಗಳೂ ಪಕ್ ಬಲೆ ಸೇರಿದ ನಂತರದವು. 1970ರ ಮೇ 10ರಂದು ಬಾಸ್ಟನ್ ಗಾರ್ಡನ್‌ನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್‌ನ ಹೆಚ್ಚುವರಿ ಸಮಯ ಶುರುವಾಗಿ 40 ಸೆಕೆಂಡಿಗೆ ಬಾಸ್ಟನ್ ತಂಡದ ಬಾಬಿ ಓರ್ ಗೋಲು ಹೊಡೆದರು. ಸೇಂಟ್ ಲೂಯಿಸ್ ತಂಡದ ನೋಯೆಲ್ ಪಿಕಾರ್ಡ್ ಕಾಲೆಡವಿಸಿದರು. ಓರ್ ಗಾಳಿಯಲ್ಲಿ ಅಡ್ಡಲಾಗಿ, ಎರಡೂ ಕೈ ಚಾಚಿ, ಬಾಯಿ ತೆರೆದು ತೇಲಿದ ಕ್ಷಣವನ್ನು ಹಿಡಿದವರು ರೇ ಲುಸಿಯರ್. ಆ ಜಾಗ ಅವರದಾಗಿರಲಿಲ್ಲ. ಪಾನೀಯಕ್ಕೆಂದು ಎದ್ದು ಹೋದ ಇನ್ನೊಬ್ಬ ಛಾಯಾಗ್ರಾಹಕರ ಸ್ಟೂಲ್ ಖಾಲಿಯಿತ್ತು, ಅಲ್ಲಿ ಕೂತಿದ್ದರು. ಇದನ್ನು ಅದೃಷ್ಟವೆಂದು ಹೇಳುವವರಿದ್ದಾರೆ. ಗೋಲಾಯಿತೆಂದು ಕ್ಯಾಮೆರಾ ಇಳಿಸಿದ್ದರೆ ಆ ಅದೃಷ್ಟ ಏನೂ ಮಾಡುತ್ತಿರಲಿಲ್ಲ ಎಂಬುದು ನನಗೆ ಮುಖ್ಯ.

ಎರಡನೆಯದು 1972ರ ಸೆಪ್ಟೆಂಬರ್ 28, ಮಾಸ್ಕೋ. ಸೋವಿಯತ್ ತಂಡದ ಎದುರು ಕೆನಡಾ ಆಡಿದ ಸರಣಿಯ ಎಂಟನೆಯ, ಕೊನೆಯ ಪಂದ್ಯ. ಮುಗಿಯಲು 34 ಸೆಕೆಂಡ್ ಇದ್ದಾಗ ಪಾಲ್ ಹೆಂಡರ್ಸನ್ ಗೆಲುವಿನ ಗೋಲು ಹೊಡೆದರು. ಟೊರಾಂಟೋ ಸ್ಟಾರ್‌ನ ಫ್ರಾಂಕ್ ಲೆನ್ನನ್ ತೆಗೆದ ಚಿತ್ರದಲ್ಲಿ ಪಕ್ ಮೇಲೆ ಯಾರ ಗಮನವೂ ಇಲ್ಲ. ಹೆಂಡರ್ಸನ್ ಕೈ ಎತ್ತಿದ್ದಾರೆ, ಯ್ವಾನ್ ಕೂರ್ನ್ವಾಯೆ ಅವರನ್ನು ಅಪ್ಪಿಕೊಂಡಿದ್ದಾರೆ. ಕೆನಡಾದ ಜನ ಆ ಗೋಲನ್ನು ನೆನೆಯುವುದು ಈ ಅಪ್ಪುಗೆಯ ಮೂಲಕ.

ಗೋಲಾದ ಮೇಲೆ ಮೊದಲ ಒಂದೆರಡು ಸೆಕೆಂಡ್ ಹೊಡೆದವರ ಮುಖ, ನಂತರ ಸೋತ ಗೋಲ್‌ಕೀಪರ್, ಆಮೇಲೆ ಬೆಂಚು. ನಾನು ಈ ಕ್ರಮವನ್ನು ಬಿಡುವುದಿಲ್ಲ. ಇಲ್ಲೊಂದು ಎಚ್ಚರ ಬೇಕು. ದಾಳಿಯುದ್ದಕ್ಕೂ ಬೆರಳು ಒತ್ತಿ ಹಿಡಿದವರ ಕ್ಯಾಮೆರಾದ ಬಫರ್ ತುಂಬಿ, ಸರಿಯಾಗಿ ಸಂಭ್ರಮದ ಹೊತ್ತಿಗೆ ನಿಂತುಬಿಡುತ್ತದೆ. ಮೂರು ನಾಲ್ಕು ಚಿತ್ರಗಳ ಸಣ್ಣ ಸಣ್ಣ ಗುಂಪಾಗಿ ತೆಗೆದರೆ ಕೊನೆಗೆ ಜಾಗ ಉಳಿದಿರುತ್ತದೆ.

ಬ್ಯಾಟರಿ ಎದೆಯ ಹತ್ತಿರ, ಕ್ಯಾಮೆರಾ ಚೀಲದೊಳಗೆ, ಚಹಾ ಆಮೇಲೆ.

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ತುಂಬಿದ ಬ್ಯಾಟರಿಯೂ ಬರಿದಾದಂತೆ ತೋರಿಸುತ್ತದೆ. ಎರಡನೆಯದನ್ನು ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟು ಅದಲು ಬದಲು ಮಾಡಿ. ತಣ್ಣಗಾದದ್ದು ಮತ್ತೆ ಬೆಚ್ಚಗಾದಾಗ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಪಂದ್ಯ ಮುಗಿದ ಮೇಲಿನದು. ಇಂದಿರಾ ಪಾರ್ಕ್ ಬಳಿಯ ಸ್ನೋ ವರ್ಲ್ಡ್‌ನಿಂದ ಹೊರಬಂದಾಗ ಕನ್ನಡಕ ಮಂಜಾಗುವುದನ್ನು ಹೈದರಾಬಾದಿನವರು ಬಲ್ಲರು. ತಣ್ಣಗಿನ ಗಾಜಿನ ಮೇಲೆ ಗಾಳಿಯ ತೇವ ಕೂರುತ್ತದೆ. ಲೇಹ್‌ನಲ್ಲಿ ಹೊರಗಿನಿಂದ ಬುಖಾರಿ ಒಲೆ ಉರಿಯುವ ಕೋಣೆಗೆ ಕ್ಯಾಮೆರಾ ತಂದರೆ ಅದೇ ತೇವ ಲೆನ್ಸಿನ ಒಳಗೂ ಕೂರಬಹುದು. ಹೊರಗಿರುವಾಗಲೇ ಗಾಳಿಯಾಡದ ಜಿಪ್ ಚೀಲದಲ್ಲಿ ಮುಚ್ಚಿ, ಒಳಗೆ ತಂದು, ಕ್ಯಾಮೆರಾ ಕೋಣೆಯಷ್ಟೇ ಬೆಚ್ಚಗಾಗುವವರೆಗೆ ತೆರೆಯಬಾರದು. ಮೆಮೊರಿ ಕಾರ್ಡ್ ಬೇಕೆಂದರೆ ಚೀಲ ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ.

ಚಿತ್ರ ಆಡಿದವರ ಕೈ ಸೇರಲಿ.

ಭಾರತದ ಮಹಿಳಾ ತಂಡ 2016ರಲ್ಲಿ ಮೊದಲ ಸಲ ಚೀನೀ ತೈಪೆಗೆ ಆಡಲು ಹೋದಾಗ ಖರ್ಚಿಗಾಗಿ ಸಾರ್ವಜನಿಕರಿಂದ ಹಣ ಕೂಡಿಸಬೇಕಾಯಿತು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ವಿರುದ್ಧ 4–3ರಿಂದ ಮೊದಲ ಅಂತರರಾಷ್ಟ್ರೀಯ ಗೆಲುವು. 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ಏಷ್ಯಾ ಕಪ್‌ನ ಕಂಚು. ಇಷ್ಟು ದೂರ ಬಂದ ಆಟ ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕಾಣುವುದು ವರ್ಷಕ್ಕೆ ಒಂದೆರಡು ಸಲ. ಹಳ್ಳಿಯ ಕೆರೆಯಲ್ಲಿ ರಾತ್ರಿ ನೀರು ಹಾಯಿಸಿ ಐಸ್ ಕಟ್ಟಿ, ಬೆಳಿಗ್ಗೆ ಗುಡಿಸಿ ಆಡುವ ಹುಡುಗಿಯ ಬಳಿ ತಾನು ಆಡಿದ್ದಕ್ಕೆ ಫೋನಿನ ಮಸುಕು ಚಿತ್ರದಾಚೆ ಏನೂ ಇರಲಿಕ್ಕಿಲ್ಲ.

ಆದ್ದರಿಂದ ಈ ಕೊನೆಯ ಸಾಲನ್ನು ಸಲಹೆಯಾಗಿ ಬರೆದಿಲ್ಲ, ಕರಾರಾಗಿ ಬರೆದಿದ್ದೇನೆ. ಪಂದ್ಯದ ದಿನವೇ ತಂಡದ ಹಿರಿಯರ ಬಳಿ ಹೋಗಿ ಯಾರ ಜರ್ಸಿಯ ಅಂಕಿ ಯಾವುದು ಎಂದು ಬರೆದುಕೊಳ್ಳಿ. ಹೆಲ್ಮೆಟ್ ಹಾಕಿದವರನ್ನು ಆಮೇಲೆ ಗುರುತಿಸಲು ಬೇರೆ ದಾರಿಯಿಲ್ಲ. ಆರಿಸುವಾಗ ನಿಮಗೆ ಹೆಸರು ತರುವ ಒಂದು ಚಿತ್ರ ಸಾಲದು, ಆಡಿದ ಪ್ರತಿಯೊಬ್ಬರದೂ ಒಂದಾದರೂ ಇರಲಿ. ಬೆಂಚಿನಲ್ಲೇ ಹೆಚ್ಚು ಹೊತ್ತು ಕೂತವರದಂತೂ ಇರಲೇಬೇಕು. ದೊಡ್ಡ ಕಡತಗಳನ್ನು ತಂಡಕ್ಕೆ ಪೂರ್ತಿಯಾಗಿ ಕೊಡಿ, ಮೂಲೆಯಲ್ಲಿ ಹೆಸರಿನ ಮುದ್ರೆ ಹೊಡೆಯಬೇಡಿ. ಮಕ್ಕಳ ಚಿತ್ರಗಳು ಮನೆಯವರ ಒಪ್ಪಿಗೆಯಿಲ್ಲದೆ ಬೇರೆಲ್ಲೂ ಹೋಗಬಾರದು. ಕೆಲವನ್ನು 8×12 ಇಂಚಿನ ಮ್ಯಾಟ್ ಕಾಗದದಲ್ಲಿ ಅಚ್ಚು ಹಾಕಿಸಿ, ಹಿಂದೆ ದಿನಾಂಕ, ಅಂಕಣದ ಹೆಸರು, ಎದುರಾಳಿ ತಂಡ, ಫಲಿತಾಂಶ ಬರೆದು ಗಟ್ಟಿ ರಟ್ಟಿನ ನಡುವೆ ಅಂಚೆಗೆ ಹಾಕಿ. ಚಳಿಗಾಲದಲ್ಲಿ ಹಿಮ ಬಿದ್ದು ಲಡಾಖ್‌ನ ರಸ್ತೆಗಳು ಆಗಾಗ ಮುಚ್ಚಿರುತ್ತವೆ, ವಿಮಾನಗಳೂ ಹವಾಮಾನ ನೋಡಿ ಹಾರುತ್ತವೆ. ಆದ್ದರಿಂದ ತಡವಾಗಬಹುದು, ಮುಂದಿನ ಐಸ್ ಕಟ್ಟುವುದಕ್ಕಿಂತ ಮೊದಲು ತಲುಪಿದರೆ ಸಾಕು.